ವಿಎಂಗಳು ನಿಲ್ಲದಂತೆ ಇಎಸ್‌ಎಕ್ಸ್‌ಐ ಹೋಸ್ಟ್‌ಗಳನ್ನು ಹೊಸ ವಿಸೆಂಟರ್‌ಗೆ ಸೇರಿಸುವುದು: ಸಮಗ್ರ ಮಾರ್ಗದರ್ಶಿ

ವಿಎಂವೇರ್ ಕಂಪನಿಯ ಸರ್ವರ್ ನಿರ್ವಹಣಾ ತಂತ್ರಾಂಶವಾದ ವಿಸೆಂಟರ್ ನಿಂತರೆ ಎಲ್ಲ ಸರ್ವರ್‌ಗಳೂ ನಿಲ್ಲುತ್ತವೆ ಎಂಬ ಭಯ ಹೊಸಬರಲ್ಲಷ್ಟೇ ಅಲ್ಲ, ಹತ್ತು ವರ್ಷದಿಂದ ಡೇಟಾ ಸೆಂಟರ್‌ನಲ್ಲಿ ದುಡಿಯುತ್ತಿರುವವರಲ್ಲೂ ಇದೆ. ಈ ಭಯದಿಂದಲೇ ಬೆಂಬಲ ಮುಗಿದ ಹಳೆಯ ವಿಸೆಂಟರ್ ಎಷ್ಟೋ ಕಚೇರಿಗಳಲ್ಲಿ ಇನ್ನೂ ಓಡುತ್ತಿದೆ. ವಿಸೆಂಟರ್ ಕಟ್ಟಡದ ಕೆಲಸದ ಮೇಸ್ತ್ರಿಯಿದ್ದಂತೆ. ಯಾರು ಎಲ್ಲಿ ನಿಲ್ಲಬೇಕು, ಯಾವ ಗೋಡೆಗೆ ಎಷ್ಟು ಗಾರೆ ಹೋಗಬೇಕು ಎಂದು ಹೇಳುವುದು ಅವನ ಕೆಲಸ. ಗೋಡೆ ಏಳುವುದು ಆಳುಗಳ ಕೈಯಲ್ಲಿ. ಮೇಸ್ತ್ರಿ ಊಟಕ್ಕೆ ಹೋದರೂ ಕೈಗೆತ್ತಿಕೊಂಡ ಕೆಲಸ ನಡೆಯುತ್ತಲೇ ಇರುತ್ತದೆ. ವರ್ಚುವಲ್ ಯಂತ್ರಗಳನ್ನು, ಅಂದರೆ ವಿಎಂಗಳನ್ನು, ಓಡಿಸುವುದು ಇಎಸ್‌ಎಕ್ಸ್‌ಐ ಹೋಸ್ಟ್, ಅಂದರೆ ವಿಎಂವೇರ್‌ನ ಇಎಸ್‌ಎಕ್ಸ್‌ಐ ತಂತ್ರಾಂಶ ಹಾಕಿದ ಸರ್ವರ್. ಅವುಗಳ ಡಿಸ್ಕ್ ಇರುವುದು ಡೇಟಾಸ್ಟೋರ್ ಎಂಬ ಸಂಗ್ರಹದಲ್ಲಿ. ಪ್ಯಾಕೆಟ್ ಹೊರಹೋಗುವುದು ಹೋಸ್ಟಿನ ನೆಟ್‌ವರ್ಕ್ ಕಾರ್ಡಿನಿಂದ. ಇದ್ಯಾವುದೂ ವಿಸೆಂಟರ್ ಮೂಲಕ ಹಾದುಹೋಗುವುದಿಲ್ಲ.

ಹಾಗಾಗಿ ಒಂದೇ ಒಂದು ವಿಎಂ ಆಫ್ ಮಾಡದೆ ಇಡೀ ಕ್ಲಸ್ಟರನ್ನು, ಅಂದರೆ ಹೋಸ್ಟ್‌ಗಳ ಗುಂಪನ್ನು, ಹೊಸ ವಿಸೆಂಟರ್‌ಗೆ ಸೇರಿಸಬಹುದು. ಸೇರಿಸುವ ಕ್ರಿಯೆಗೆ ಹೋಸ್ಟ್ ಒಂದಕ್ಕೆ ಐದು ನಿಮಿಷ ಸಾಕು. ಅದಕ್ಕೂ ಮುಂಚಿನ ತಯಾರಿಗೆ ಒಂದೆರಡು ವಾರ ಬೇಕು. ಆ ತಯಾರಿಯ ಗುರಿ ಒಂದೇ: ಯಾವ ವಿಸೆಂಟರ್‌ನ ಆಸರೆಯೂ ಇಲ್ಲದೆ ಪ್ರತಿ ಹೋಸ್ಟ್ ಒಂಟಿಯಾಗಿ ನಿಲ್ಲುವಂತೆ ಮಾಡುವುದು. ಒಂಟಿಯಾಗಿ ನಿಂತ ಹೋಸ್ಟನ್ನು ಯಾವ ವಿಸೆಂಟರ್‌ಗೆ ಕೊಟ್ಟರೂ ನಡೆಯುತ್ತದೆ. ನಾನು ಕಂಡ ತೊಂದರೆಗಳೆಲ್ಲ ಈ ಹಂತವನ್ನು ಅವಸರದಲ್ಲಿ ದಾಟಿದ್ದರಿಂದ ಆದವು.

ಇಲ್ಲಿ ವಿಸೆಂಟರ್ 7ರಿಂದ ಹೊಸದಾಗಿ ಕಟ್ಟಿದ ವಿಸೆಂಟರ್ 8ಕ್ಕೆ ಹೋಗುವುದನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ವಿಸೆಂಟರ್, ಇಎಸ್‌ಎಕ್ಸ್‌ಐ ಎರಡೂ ಸೇರಿದ ವಿಸ್ಫಿಯರ್‌ನ 6.5 ಮತ್ತು 6.7ರ ಸಾಮಾನ್ಯ ಬೆಂಬಲ 2022ರ ಅಕ್ಟೋಬರ್ 15ಕ್ಕೆ ಮುಗಿಯಿತು, 7ರದ್ದು 2025ರ ಅಕ್ಟೋಬರ್ 2ಕ್ಕೆ. ವಿಸೆಂಟರ್ 8 ತನ್ನ ಕೆಳಗೆ ಇಎಸ್‌ಎಕ್ಸ್‌ಐ 6.7, 7 ಮತ್ತು 8 ಹೋಸ್ಟ್‌ಗಳನ್ನು ಇಟ್ಟುಕೊಳ್ಳಬಲ್ಲದು; 6.5ನ್ನು ಇಟ್ಟುಕೊಳ್ಳದು. 6.5ರ ಹೋಸ್ಟ್ ಇದ್ದರೆ ಹಳೆಯ ವಿಸೆಂಟರ್ 7ರ ಕೆಳಗಿರುವಾಗಲೇ ಅದನ್ನು ಮೇಲಕ್ಕೆ ತರಬೇಕು. ಉಳಿದಂತೆ ವಿಸೆಂಟರ್ ಮೊದಲು, ಹೋಸ್ಟ್ ಆಮೇಲೆ. ತನಗಿಂತ ಹೊಸ ಮುಖ್ಯ ಆವೃತ್ತಿಯ ಹೋಸ್ಟನ್ನು ಹಳೆಯ ವಿಸೆಂಟರ್ ನಿರ್ವಹಿಸಲಾರದು.

ಈ ದಾರಿ ನಿಮಗೆ ಬೇಕೇ?

ಹಳೆಯ ವಿಸೆಂಟರ್ ಆರೋಗ್ಯವಾಗಿದ್ದರೆ ಬೇಡ. ಅದನ್ನೇ ಅಪ್‌ಗ್ರೇಡ್ ಮಾಡಿ. ಇನ್‌ಸ್ಟಾಲರ್ ಪಕ್ಕದಲ್ಲೇ ಹೊಸ ಅಪ್ಲಯನ್ಸ್ (ವಿಸೆಂಟರ್ ಒಳಗೊಂಡ ಸಿದ್ಧ ವಿಎಂ) ಎಬ್ಬಿಸಿ, ಹಳೆಯದರ ಮಾಹಿತಿಯನ್ನು ನಕಲಿಸಿ, ಅದರ ಹೆಸರು ಮತ್ತು ಐಪಿ ವಿಳಾಸವನ್ನು ತಾನೇ ವಹಿಸಿಕೊಳ್ಳುತ್ತದೆ. ಹೋಸ್ಟ್‌ಗಳನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ. 6.7ರಿಂದ 8ಕ್ಕೆ ಹೀಗೆ ನೇರವಾಗಿ ಜಿಗಿಯಬಹುದು.

ಡೇಟಾಬೇಸ್ ಕೆಟ್ಟು ಅಪ್‌ಗ್ರೇಡ್ ಪ್ರತಿ ಸಲ ಅರ್ಧಕ್ಕೆ ನಿಲ್ಲುತ್ತಿದ್ದರೆ, ಎರಡು ಸಂಸ್ಥೆಗಳು ಒಂದಾಗಿ ಅವುಗಳ ಕ್ಲಸ್ಟರ್‌ಗಳೂ ಒಂದೇ ಕಡೆ ಸೇರಬೇಕಾಗಿದ್ದರೆ, ಹಿಂದಿನವರು ಬಿಟ್ಟುಹೋದ ಪ್ಲಗಿನ್‌ಗಳ ಕಸ ತೆಗೆಯಲಾಗದಷ್ಟು ಬೆಳೆದಿದ್ದರೆ, ಆಗ ಹೊಸದನ್ನು ಕಟ್ಟಿ ಹೋಸ್ಟ್‌ಗಳನ್ನು ಅಲ್ಲಿಗೆ ಕೊಂಡೊಯ್ಯುವುದು ಸರಿಯಾದ ದಾರಿ. ಹೊಸ ಯಂತ್ರಾಂಶವನ್ನೂ ಕೊಂಡಿದ್ದರೆ ಇನ್ನೊಂದು ದಾರಿಯಿದೆ. 7.0 ಅಪ್‌ಡೇಟ್ 1ಸಿಯಿಂದ ಈಚೆಗೆ, ಪರಸ್ಪರ ಸಂಬಂಧವಿಲ್ಲದ ಎರಡು ವಿಸೆಂಟರ್‌ಗಳ ನಡುವೆಯೂ ಓಡುತ್ತಿರುವ ವಿಎಂ ಅನ್ನು ವಿಮೋಷನ್ ಮಾಡುವ, ಅಂದರೆ ನಿಲ್ಲಿಸದೆ ಸಾಗಿಸುವ, ಸೌಲಭ್ಯ ಒಳಗೇ ಬಂದಿದೆ. ಹಳೆಯ ಹೋಸ್ಟ್‌ಗಳನ್ನೇ ಮುಂದುವರಿಸುವವರಿಗಾಗಿ ಈ ಬರಹ.

ವಿಸ್ಯಾನ್ ಬಳಸುವವರು ಇಲ್ಲೇ ಒಂದು ಕ್ಷಣ ನಿಲ್ಲಿ. ಅಲ್ಲಿ ಹೋಸ್ಟ್‌ಗಳ ಡಿಸ್ಕ್‌ಗಳೇ ಸೇರಿ ಡೇಟಾಸ್ಟೋರ್ ಆಗಿರುತ್ತವೆ, ಯಾರು ಯಾರು ಕ್ಲಸ್ಟರ್‌ನಲ್ಲಿದ್ದಾರೆ ಎಂಬ ಪಟ್ಟಿಯನ್ನು ವಿಸೆಂಟರ್ ಪ್ರತಿ ಹೋಸ್ಟ್‌ಗೆ ಕಳಿಸುತ್ತಿರುತ್ತದೆ. ಒಂದೇ ಹೋಸ್ಟ್ ಇರುವ ಹೊಸ ಕ್ಲಸ್ಟರ್ ಆ ಪಟ್ಟಿಯನ್ನು ಬದಲಿಸಿಬಿಟ್ಟರೆ ಆ ಹೋಸ್ಟ್ ತನ್ನ ಜೊತೆಗಾರರಿಂದ ಕಡಿದುಹೋಗುತ್ತದೆ. ಪಟ್ಟಿಯ ಬದಲಾವಣೆಯನ್ನು ತಾತ್ಕಾಲಿಕವಾಗಿ ಕಡೆಗಣಿಸುವಂತೆ ಪ್ರತಿ ಹೋಸ್ಟ್‌ನಲ್ಲಿ ಹೇಳಿಡುವ ಸುಧಾರಿತ ಸೆಟ್ಟಿಂಗ್ ಒಂದಿದೆ. ಆ ವಿಧಾನವನ್ನು ತಯಾರಕರ ದಾಖಲೆ ಮುಂದಿಟ್ಟುಕೊಂಡು, ಸಾಧ್ಯವಾದರೆ ಬೆಂಬಲ ತಂಡದವರನ್ನು ಜೊತೆಗಿಟ್ಟುಕೊಂಡು ಮಾಡಿ. ಮುಂದಿನ ಹೆಜ್ಜೆಗಳು ಸ್ಯಾನ್ ಅಥವಾ ಎನ್‌ಎಫ್‌ಎಸ್‌ನಂತೆ ಹೋಸ್ಟ್‌ಗಳ ಹೊರಗೆ, ನೆಟ್‌ವರ್ಕ್ ಮೂಲಕ ಸಿಗುವ ಸಂಗ್ರಹಣೆ ಇರುವವರಿಗೆ.

ಏನು ಬರುತ್ತದೆ, ಏನು ಬರುವುದಿಲ್ಲ

ಹೋಸ್ಟ್ ಹೊಸ ವಿಸೆಂಟರ್‌ಗೆ ಹೋದಾಗ ಅದರ ಜೊತೆ ವಿಎಂಗಳು, ಡೇಟಾಸ್ಟೋರ್‌ಗಳು ಮತ್ತು ಅವುಗಳ ಹೆಸರು, ಸ್ಟ್ಯಾಂಡರ್ಡ್ ಸ್ವಿಚ್‌ಗಳು (ಹೋಸ್ಟಿನೊಳಗಿನ ವರ್ಚುವಲ್ ನೆಟ್‌ವರ್ಕ್ ಸ್ವಿಚ್‌ಗಳು), ಸ್ನ್ಯಾಪ್‌ಶಾಟ್‌ಗಳು ಬರುತ್ತವೆ. ವಿಸೆಂಟರ್‌ನ ಡೇಟಾಬೇಸಿನಲ್ಲಿ ಮಾತ್ರ ಇದ್ದದ್ದು ಬರುವುದಿಲ್ಲ: ಫೋಲ್ಡರ್‌ಗಳು, ಬಳಕೆದಾರರ ಅನುಮತಿಗಳು, ಟ್ಯಾಗ್‌ಗಳು, ಅಲಾರಂಗಳು, ಡಿಆರ್‌ಎಸ್ (ವಿಎಂಗಳನ್ನು ಹೋಸ್ಟ್‌ಗಳ ನಡುವೆ ಹಂಚುವ ವ್ಯವಸ್ಥೆ) ನಿಯಮಗಳು, ರಿಸೋರ್ಸ್ ಪೂಲ್‌ಗಳು (ಪ್ರೊಸೆಸರ್, ಮೆಮೊರಿಯ ಪಾಲುಗಳು), ಡೇಟಾಸ್ಟೋರ್ ಕ್ಲಸ್ಟರ್‌ಗಳು, ನಿಗದಿತ ಕೆಲಸಗಳು, ಕಾರ್ಯಕ್ಷಮತೆಯ ಹಳೆಯ ಅಂಕಿಗಳು.

ಇವುಗಳಲ್ಲಿ ಎರಡನ್ನು ಜನ ಮರೆಯುತ್ತಾರೆ. ಒಂದು, ಡಿಆರ್‌ಎಸ್‌ನ ಬೇರ್ಪಡಿಕೆ ನಿಯಮಗಳು. ಡೇಟಾಬೇಸಿನ ಎರಡು ನೋಡ್‌ಗಳು ಒಂದೇ ಹೋಸ್ಟ್‌ನಲ್ಲಿ ಇರಕೂಡದು ಎಂದು ಯಾರೋ ಮೂರು ವರ್ಷದ ಹಿಂದೆ ಬರೆದಿಟ್ಟ ನಿಯಮ ಹೊಸ ಕ್ಲಸ್ಟರ್‌ನಲ್ಲಿ ಇರುವುದಿಲ್ಲ. ಡಿಆರ್‌ಎಸ್ ತನ್ನ ಪಾಡಿಗೆ ಎರಡನ್ನೂ ಒಂದೇ ಕಡೆ ತಂದು ಕೂರಿಸಬಹುದು, ಅದು ಗೊತ್ತಾಗುವುದು ಆ ಹೋಸ್ಟ್ ಕೆಟ್ಟ ದಿನ. ಎರಡು, ವಿಎಂಗಳ ಆಂತರಿಕ ಗುರುತಿನ ಸಂಖ್ಯೆ. ಪ್ರತಿ ವಿಸೆಂಟರ್ ತನ್ನದೇ ಸಂಖ್ಯೆ ಕೊಡುತ್ತದೆ. ಬ್ಯಾಕಪ್ ತಂತ್ರಾಂಶಗಳು ವಿಎಂಗಳನ್ನು ಹೆಚ್ಚಾಗಿ ಈ ಸಂಖ್ಯೆಯಿಂದಲೇ ಗುರುತಿಸುವುದರಿಂದ, ಹೊಸ ವಿಸೆಂಟರ್‌ನಲ್ಲಿ ಅದೇ ವಿಎಂ ಅವುಗಳ ಕಣ್ಣಿಗೆ ಅಪರಿಚಿತ. ಬ್ಯಾಕಪ್ ಮತ್ತೆ ಮೊದಲಿನಿಂದ, ಪೂರ್ತಿಯಾಗಿ ಶುರುವಾಗುತ್ತದೆ. ಬ್ಯಾಕಪ್ ಸಂಗ್ರಹದಲ್ಲಿ ಅಷ್ಟು ಜಾಗವಿದೆಯೇ ಎಂದು ಈಗಲೇ ನೋಡಿ. ಕೆಲವು ತಯಾರಕರು ಹಳೆಯ ಗುರುತನ್ನು ಹೊಸದಕ್ಕೆ ಜೋಡಿಸುವ ಸಾಧನ ಕೊಡುತ್ತಾರೆ, ನಿಮ್ಮವರನ್ನು ಕೇಳಿ.

ಇಷ್ಟನ್ನೂ ಹೊರತೆಗೆದು ಇಡಲು ವಿಎಂವೇರ್‌ನ ಆದೇಶ ಸಾಧನವಾದ ಪವರ್‌ಸಿಎಲ್‌ಐನಲ್ಲಿ ಸ್ಕ್ರಿಪ್ಟ್ ಬರೆಯುವುದು ಉತ್ತಮ. ಕಡೇಪಕ್ಷ ಆರ್‌ವಿಟೂಲ್ಸ್ ಎಂಬ ಸಾಧನದಿಂದ ಇಡೀ ದಾಸ್ತಾನನ್ನು ಎಕ್ಸೆಲ್ ಕಡತವಾಗಿ ಉಳಿಸಿ. ಯಾವ ವಿಎಂ ಯಾವ ಫೋಲ್ಡರಿನಲ್ಲಿ, ಯಾವ ಪೋರ್ಟ್ ಗ್ರೂಪಿನಲ್ಲಿ (ವರ್ಚುವಲ್ ಸ್ವಿಚ್ಚಿನ ಪೋರ್ಟ್‌ಗಳ ಗುಂಪು), ಯಾವ ಡೇಟಾಸ್ಟೋರ್‌ನಲ್ಲಿ ಇತ್ತು ಎಂಬ ಆ ಕಡತ ಮುಂದೆ ಪದೇ ಪದೇ ಬೇಕಾಗುತ್ತದೆ. ಟೆಂಪ್ಲೇಟ್‌ಗಳಿದ್ದರೆ ಸದ್ಯಕ್ಕೆ ಸಾಮಾನ್ಯ ವಿಎಂಗಳಾಗಿ ಪರಿವರ್ತಿಸಿಬಿಡಿ.

ಎನ್‌ಕ್ರಿಪ್ಟ್ ಆದ ವಿಎಂಗಳು, ವರ್ಚುವಲ್ ಟಿಪಿಎಂ ಇರುವ ವಿಂಡೋಸ್ 11 ವಿಎಂಗಳು ಇದ್ದರೆ ಅವುಗಳ ಎನ್‌ಕ್ರಿಪ್ಷನ್ ಕೀ ಒದಗಿಸುವ ಕೀ ಪ್ರೊವೈಡರನ್ನು ಮೊದಲು ಹೊಸ ವಿಸೆಂಟರ್‌ಗೆ ಸೇರಿಸಬೇಕು. ನೇಟಿವ್ ಕೀ ಪ್ರೊವೈಡರ್ ಬಳಸುತ್ತಿದ್ದರೆ ಅದರ ಬ್ಯಾಕಪ್ ಕಡತವನ್ನು ಪಾಸ್‌ವರ್ಡ್ ಸಹಿತ ತೆಗೆದಿಟ್ಟು, ಹೊಸದರಲ್ಲಿ ಮರುಸ್ಥಾಪಿಸಿ. ಕೀ ಇಲ್ಲದಿದ್ದರೆ, ಒಮ್ಮೆ ಆಫ್ ಆದ ಆ ವಿಎಂ ಮತ್ತೆ ಏಳಲಾರದ ಸ್ಥಿತಿಗೆ ಹೋಗಬಹುದು.

ಹೆಜ್ಜೆ 1: ಪ್ರತಿ ಹೋಸ್ಟಿನ ರೂಟ್ ಪಾಸ್‌ವರ್ಡ್ ಪರೀಕ್ಷಿಸಿ

ಇದು ಎಲ್ಲಕ್ಕಿಂತ ಸಣ್ಣ ಕೆಲಸ, ಎಲ್ಲಕ್ಕಿಂತ ಮುಖ್ಯವಾದದ್ದೂ ಹೌದು. ವಿಸೆಂಟರ್ ತನ್ನ ಸ್ವಂತ ಖಾತೆಯಿಂದ ಹೋಸ್ಟ್‌ಗಳ ಜೊತೆ ಮಾತಾಡುವುದರಿಂದ ವರ್ಷಗಟ್ಟಲೆ ಯಾರಿಗೂ ರೂಟ್ (ಹೋಸ್ಟಿನ ಮುಖ್ಯ ಆಡಳಿತ ಖಾತೆ) ಪಾಸ್‌ವರ್ಡ್ ಬೇಕಾಗುವುದಿಲ್ಲ. ಹೊಸ ವಿಸೆಂಟರ್‌ಗೆ ಸೇರಿಸುವಾಗ ಬೇಕಾಗುವುದು ಅದೇ. ನಾನು ಕೆಲಸ ಮಾಡಿದ ಆರು ಹೋಸ್ಟ್‌ಗಳ ಕ್ಲಸ್ಟರ್ ಒಂದರಲ್ಲಿ ಪಾಸ್‌ವರ್ಡ್ ಬರೆದ ಲಕೋಟೆ ತಿಜೋರಿಯಲ್ಲಿ ಭದ್ರವಾಗಿತ್ತು. ಮೇಲೆ ದಿನಾಂಕ, ಸಹಿ, ಸೀಲು ಎಲ್ಲ ಇತ್ತು. ನಾಲ್ಕು ಹೋಸ್ಟ್‌ಗಳು ಅದನ್ನು ಒಪ್ಪಿದವು, ಎರಡು ಒಪ್ಪಲಿಲ್ಲ. ಮದರ್‌ಬೋರ್ಡ್ ಕೆಟ್ಟು ಆ ಎರಡನ್ನು ಮತ್ತೆ ಇನ್‌ಸ್ಟಾಲ್ ಮಾಡಿದ್ದವರು ಬೇರೆ ಪಾಸ್‌ವರ್ಡ್ ಕೊಟ್ಟಿದ್ದರು. ಎರಡು ವಾರ ಮೊದಲೇ ನೋಡಿದ್ದರಿಂದ ತೊಂದರೆಯಾಗಲಿಲ್ಲ.

ಬ್ರೌಸರಿನಲ್ಲಿ ಪ್ರತಿ ಹೋಸ್ಟಿನ ವಿಳಾಸ ತೆರೆದು, ರೂಟ್ ಆಗಿ ಒಳಹೋಗಿ, ಹೊರಬನ್ನಿ. ಊಹೆಯ ಪಾಸ್‌ವರ್ಡ್‌ಗಳನ್ನು ಒಂದರ ಹಿಂದೆ ಒಂದು ಹಾಕಬೇಡಿ: 6.7ರಿಂದೀಚೆಗೆ ಐದು ಸಲ ತಪ್ಪಿದರೆ ಖಾತೆ 15 ನಿಮಿಷ ಮುಚ್ಚಿಕೊಳ್ಳುತ್ತದೆ. ಸರಿಯಾದ ಪಾಸ್‌ವರ್ಡೂ ಕೆಲಸ ಮಾಡದಿದ್ದರೆ, ಹಳೆಯ ಪಾಸ್‌ವರ್ಡ್ ಇಟ್ಟುಕೊಂಡ ಯಾವುದಾದರೂ ಮಾನಿಟರಿಂಗ್ ತಂತ್ರಾಂಶ ಹಿನ್ನೆಲೆಯಲ್ಲಿ ಬಾಗಿಲು ಬಡಿಯುತ್ತಿದೆಯೇ ಎಂದು ನೋಡಿ. ಪಾಸ್‌ವರ್ಡ್ ನಿಜವಾಗಿಯೂ ಕಳೆದಿದ್ದರೆ ಹಳೆಯ ವಿಸೆಂಟರ್‌ಗೆ ಹೋಸ್ಟ್ ಜೋಡಿಸಿಕೊಂಡಿರುವಾಗಲೇ ಹೋಸ್ಟ್ ಪ್ರೊಫೈಲ್ ಮೂಲಕ ಹೊಸದನ್ನು ಕೂರಿಸಲು ಅವಕಾಶವಿದೆ. ಆ ಕೊಂಡಿ ಕಡಿದ ಮೇಲೆ ಉಳಿಯುವ ಅಧಿಕೃತ ದಾರಿ ಇಎಸ್‌ಎಕ್ಸ್‌ಐ ಮರುಸ್ಥಾಪನೆ.

ಹೋಸ್ಟಿಗೆ ನೇರ ಪ್ರವೇಶ ತಡೆಯುವ ಲಾಕ್‌ಡೌನ್ ಮೋಡ್ ಆನ್ ಇದ್ದರೆ ಹಳೆಯ ವಿಸೆಂಟರ್‌ನಿಂದಲೇ ಆಫ್ ಮಾಡಿ. ಡಿಎನ್‌ಎಸ್‌ನಲ್ಲಿ ಪ್ರತಿ ಹೋಸ್ಟಿನ ಹೆಸರು ಐಪಿಗೆ, ಐಪಿ ಹೆಸರಿಗೆ ಸರಿಯಾಗಿ ತಿರುಗುತ್ತದೆಯೇ, ಎಲ್ಲ ಗಡಿಯಾರಗಳೂ ಒಂದೇ ಎನ್‌ಟಿಪಿ ಸರ್ವರ್ ನೋಡುತ್ತಿವೆಯೇ ಎಂಬುದನ್ನೂ ಇದೇ ಸುತ್ತಿನಲ್ಲಿ ಮುಗಿಸಿ.

ಹೆಜ್ಜೆ 2: ಹೊಸ ವಿಸೆಂಟರ್ ಕಟ್ಟಿ

ಅಪ್ಲಯನ್ಸನ್ನು ಹಳೆಯ ವಿಸೆಂಟರ್ ಮೂಲಕ ಅಲ್ಲ, ನೇರವಾಗಿ ಒಂದು ಹೋಸ್ಟ್‌ಗೆ ಇಳಿಸಿ, ಅದರ ನೆಟ್‌ವರ್ಕನ್ನು ಸ್ಟ್ಯಾಂಡರ್ಡ್ ಸ್ವಿಚ್ಚಿನ ಪೋರ್ಟ್ ಗ್ರೂಪಿಗೆ ಜೋಡಿಸಿ. ಹೆಸರು ಮತ್ತು ಐಪಿ ಹೊಸದಾಗಿರಲಿ, ಹಳೆಯದು ಇನ್ನೂ ಬದುಕಿರುತ್ತದೆ. ಗಾತ್ರ ಆರಿಸುವಾಗ ಮುಂದಿನ ಎರಡು ವರ್ಷದ ಬೆಳವಣಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೊಸ ವಿಸೆಂಟರ್ 60 ದಿನಗಳ ಪರೀಕ್ಷಾ ಅವಧಿಯೊಂದಿಗೆ ಏಳುತ್ತದೆ. ಸ್ಥಳಾಂತರಕ್ಕೆ ಅಷ್ಟು ಸಾಕು, ಆದರೆ ಲೈಸೆನ್ಸ್ ಕೈಯಲ್ಲಿರದೆ ಶುರುಮಾಡಬೇಡಿ. 7ರ ಕೀ 8ಕ್ಕೆ ನಡೆಯದು. 2023ರ ನವೆಂಬರ್‌ನಲ್ಲಿ ವಿಎಂವೇರ್ ಬ್ರಾಡ್‌ಕಾಮ್ ಕೈಗೆ ಹೋದ ಮೇಲೆ ಶಾಶ್ವತ ಲೈಸೆನ್ಸ್ ಮಾರಾಟ ನಿಂತು, ಎಲ್ಲವೂ ಚಂದಾ ಪದ್ಧತಿಗೆ ಬಂದಿದೆ. ಖರೀದಿ ವಿಭಾಗದ ಕಡತ ತಿಂಗಳುಗಟ್ಟಲೆ ಓಡಾಡಬಹುದು. ಅವಧಿ ಮುಗಿದ ವಿಸೆಂಟರ್ ತನ್ನ ಎಲ್ಲ ಹೋಸ್ಟ್‌ಗಳನ್ನೂ ಕಳಚಿಬಿಡುತ್ತದೆ.

ಈಗ ಫೈರ್‌ವಾಲ್. ಹೊಸ ವಿಸೆಂಟರ್‌ನಿಂದ ಹೋಸ್ಟ್‌ಗಳಿಗೆ ಟಿಸಿಪಿ 443 ಮತ್ತು 902 ತೆರೆದಿರಬೇಕೆಂದು ಎಲ್ಲರಿಗೂ ಗೊತ್ತು. ಹೋಸ್ಟ್‌ನಿಂದ ವಿಸೆಂಟರ್ ಕಡೆಗೆ ಯುಡಿಪಿ 902 ತೆರೆದಿರಬೇಕು ಎಂಬುದು ಬಿಟ್ಟುಹೋಗುತ್ತದೆ. ಪ್ರತಿ ಹೋಸ್ಟ್ ಹತ್ತು ಸೆಕೆಂಡಿಗೊಮ್ಮೆ ಆ ದಾರಿಯಲ್ಲಿ ತನ್ನ ನಾಡಿಮಿಡಿತ ಕಳಿಸುತ್ತದೆ. ಅದು ಮುಚ್ಚಿದ್ದರೆ ಕಾಣುವ ದೃಶ್ಯ ಹೀಗೆ: ಹೋಸ್ಟ್ ಸೇರಿಸುವ ಕೆಲಸ ಯಶಸ್ವಿಯಾಗುತ್ತದೆ, ವಿಎಂಗಳೆಲ್ಲ ಪಟ್ಟಿಯಲ್ಲಿ ಮೂಡುತ್ತವೆ, ಎಲ್ಲವೂ ಸರಿಯಿದೆಯೆಂದು ನೀವು ಉಸಿರು ಬಿಡುತ್ತೀರಿ, ಸರಿಯಾಗಿ ಒಂದು ನಿಮಿಷಕ್ಕೆ ಹೋಸ್ಟ್ ಬೂದು ಬಣ್ಣಕ್ಕೆ ತಿರುಗಿ ‘ನಾಟ್ ರೆಸ್ಪಾಂಡಿಂಗ್’ ಎನ್ನುತ್ತದೆ. ಮತ್ತೆ ಜೋಡಿಸಿದರೆ ಬರುತ್ತದೆ, ಇನ್ನೊಂದು ನಿಮಿಷಕ್ಕೆ ಮತ್ತೆ ಹೋಗುತ್ತದೆ. ಈ 60 ಸೆಕೆಂಡಿನ ಲಯ ಕಂಡರೆ ಬೇರೇನನ್ನೂ ಹುಡುಕಬೇಡಿ, ನೆಟ್‌ವರ್ಕ್ ತಂಡದವರನ್ನು ಕರೆಯಿರಿ. ಅಷ್ಟು ಹೊತ್ತೂ ವಿಎಂಗಳಿಗೆ ಏನೂ ಆಗಿರುವುದಿಲ್ಲ.

ಸಂಸ್ಥೆಯ ಸ್ವಂತ ಪ್ರಮಾಣಪತ್ರವನ್ನು ವಿಸೆಂಟರ್‌ನ ಪ್ರಮಾಣಪತ್ರ ಪ್ರಾಧಿಕಾರಕ್ಕೆ ಹಾಕುವವರಿದ್ದರೆ ಅದನ್ನು ಹೋಸ್ಟ್ ಸೇರಿಸುವುದಕ್ಕಿಂತ ಒಂದು ದಿನಕ್ಕೂ ಹೆಚ್ಚು ಮುಂಚೆ ಮುಗಿಸಿ. ವಿಸೆಂಟರ್ ಹೋಸ್ಟ್‌ಗಳಿಗೆ ಕೊಡುವ ಪ್ರಮಾಣಪತ್ರದ ಆರಂಭದ ಸಮಯವನ್ನು 24 ಗಂಟೆ ಹಿಂದಕ್ಕೆ ನಮೂದಿಸುತ್ತದೆ. ಮೂಲ ಪ್ರಮಾಣಪತ್ರವೇ ಅದಕ್ಕಿಂತ ಹೊಸದಾಗಿದ್ದರೆ 70034 ಎಂಬ ದೋಷ ಸಂಖ್ಯೆಯೊಂದಿಗೆ ಹೋಸ್ಟ್ ಸೇರಲು ನಿರಾಕರಿಸುತ್ತದೆ.

ಹೆಜ್ಜೆ 3: ಹೊಸ ಕ್ಲಸ್ಟರ್ ಮತ್ತು ಇವಿಸಿ

ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಹೊಸ ಕ್ಲಸ್ಟರ್ ರಚಿಸಿ. ಎಚ್‌ಎ (ಹೋಸ್ಟ್ ಕೆಟ್ಟರೆ ಅದರ ವಿಎಂಗಳನ್ನು ಬೇರೆಡೆ ಎಬ್ಬಿಸುವ ವ್ಯವಸ್ಥೆ) ಸದ್ಯಕ್ಕೆ ಆಫ್, ಡಿಆರ್‌ಎಸ್ ಮ್ಯಾನುಯಲ್. ಇವಿಸಿ ಮಾತ್ರ ಹಳೆಯ ಕ್ಲಸ್ಟರ್‌ನಲ್ಲಿ ಏನಿತ್ತೋ ಅದೇ ಇರಬೇಕು. ಇವಿಸಿ ಎಂದರೆ ಬೇರೆ ಬೇರೆ ತಲೆಮಾರಿನ ಪ್ರೊಸೆಸರ್‌ಗಳು ವಿಎಂಗಳ ಕಣ್ಣಿಗೆ ಒಂದೇ ಬಗೆಯಾಗಿ ಕಾಣುವಂತೆ ಎಳೆದ ಗೆರೆ. ವಿಎಂ ಆನ್ ಆಗುವಾಗ ಯಾವ ಗೆರೆಯ ಕೆಳಗಿತ್ತೋ ಅದನ್ನೇ ಹಿಡಿದುಕೊಂಡಿರುತ್ತದೆ. ಹೊಸ ಕ್ಲಸ್ಟರಿನ ಗೆರೆ ಅದಕ್ಕಿಂತ ಕೆಳಗಿದ್ದರೆ ಓಡುತ್ತಿರುವ ವಿಎಂಗಳನ್ನು ಹೊತ್ತ ಹೋಸ್ಟನ್ನು ಕ್ಲಸ್ಟರ್ ಒಳಗೆ ಬಿಡುವುದಿಲ್ಲ. ವಿಎಂಗಳನ್ನು ಆಫ್ ಮಾಡು ಎನ್ನುತ್ತದೆ. ಹಳೆಯದರಲ್ಲಿ ಇವಿಸಿ ಇರಲೇ ಇಲ್ಲವಾದರೆ ಹೊಸದರಲ್ಲೂ ಈಗ ಬೇಡ. ಸುಧಾರಣೆಗಳನ್ನು ಸ್ಥಳಾಂತರದ ಜೊತೆ ಬೆರೆಸಬೇಡಿ.

ಹೆಜ್ಜೆ 4: ನೆಟ್‌ವರ್ಕ್ ಬಿಡಿಸಿಕೊಳ್ಳಿ

ವಿಎಂಗಳು ನಿಜವಾಗಿಯೂ ಸಂಪರ್ಕ ಕಳೆದುಕೊಳ್ಳುವ ಅಪಾಯ ಇಲ್ಲಿದೆ, ಆದ್ದರಿಂದ ಇದಕ್ಕೆ ಹೆಚ್ಚು ಸಮಯ ಕೊಡಿ. ಎಲ್ಲವೂ ಸ್ಟ್ಯಾಂಡರ್ಡ್ ಸ್ವಿಚ್ಚಿನಲ್ಲೇ ಇದ್ದರೆ ನೀವು ಅದೃಷ್ಟವಂತರು, ಮುಂದಿನ ಹೆಜ್ಜೆಗೆ ಹೋಗಿ. ಹಲವು ಹೋಸ್ಟ್‌ಗಳಿಗೆ ಒಂದೇ ಆಗಿ ಹರಡಿದ ಡಿಸ್ಟ್ರಿಬ್ಯೂಟೆಡ್ ಸ್ವಿಚ್ ವಿಸೆಂಟರ್‌ನ ಸ್ವತ್ತು. ಅದರ ಒಂದು ಪ್ರತಿ ಪ್ರತಿ ಹೋಸ್ಟಿನಲ್ಲೂ ಇರುವುದರಿಂದ ವಿಸೆಂಟರ್ ಇಲ್ಲದಿದ್ದರೂ ಪ್ಯಾಕೆಟ್‌ಗಳು ಹರಿಯುತ್ತವೆ, ಆದರೆ ಯಾವ ಬದಲಾವಣೆಯನ್ನೂ ಮಾಡಲಾಗುವುದಿಲ್ಲ. ಆಫ್ ಆದ ವಿಎಂ ಬೇರೆ ಪೋರ್ಟಿಗೆ ಜೋಡಿಸಿಕೊಳ್ಳಲಾರದು.

ಸ್ವಿಚ್ಚಿನ ವಿನ್ಯಾಸವನ್ನು ಕಡತವಾಗಿ ರಫ್ತು ಮಾಡಿ, ಮೂಲ ಗುರುತುಗಳನ್ನು ಉಳಿಸಿಕೊಂಡು ಹೊಸ ವಿಸೆಂಟರ್‌ನಲ್ಲಿ ಆಮದು ಮಾಡಿ, ಹೋಸ್ಟನ್ನು ಹಾಗೆಯೇ ಸೇರಿಸುವ ಅಡ್ಡದಾರಿಯನ್ನು ಕೆಲವರು ಬಳಸುತ್ತಾರೆ. ಅದು ಕೆಲಸ ಮಾಡಿದ್ದನ್ನು ಕಂಡಿದ್ದೇನೆ. ಆದರೂ ನಾನು ಶಿಫಾರಸು ಮಾಡುವುದು ನಿಧಾನದ ದಾರಿಯನ್ನು, ಏಕೆಂದರೆ ಅದರಲ್ಲಿ ಪ್ರತಿ ಹೆಜ್ಜೆಯಿಂದಲೂ ಹಿಂದೆ ಸರಿಯಬಹುದು.

ಮೊದಲು ಹೋಸ್ಟಿನ ಎರಡೂ ಅಪ್‌ಲಿಂಕ್‌ಗಳು (ಹೊರಗಿನ ಸ್ವಿಚ್ಚಿಗೆ ಜೋಡಿಸಿದ ನೆಟ್‌ವರ್ಕ್ ಕಾರ್ಡ್‌ಗಳು) ಜೀವಂತವಾಗಿವೆಯೇ, ಎದುರಿನ ಭೌತಿಕ ಸ್ವಿಚ್ಚಿನ ಎರಡೂ ಪೋರ್ಟ್‌ಗಳಲ್ಲಿ ಒಂದೇ ವಿಲ್ಯಾನ್ (ಒಂದೇ ತಂತಿಯಲ್ಲಿ ಬೇರ್ಪಡಿಸಿದ ಉಪಜಾಲ) ಪಟ್ಟಿ ಇದೆಯೇ ಎಂದು ನೆಟ್‌ವರ್ಕ್ ತಂಡದ ಜೊತೆ ಕುಳಿತು ನೋಡಿ. ಒಂದು ಪೋರ್ಟಿನಲ್ಲಿ 40 ವಿಲ್ಯಾನ್, ಇನ್ನೊಂದರಲ್ಲಿ 39 ಇದ್ದರೆ ಆ ಒಂದೇ ವಿಲ್ಯಾನಿನ ವಿಎಂಗಳು ಮೌನವಾಗಿ ಸಂಪರ್ಕ ಕಳೆದುಕೊಳ್ಳುತ್ತವೆ. ಹಲವು ಕೊಂಡಿಗಳನ್ನು ಒಂದಾಗಿ ಕಟ್ಟುವ ಎಲ್‌ಎಸಿಪಿ ಗುಂಪು ಇದ್ದರೆ ಭೌತಿಕ ಸ್ವಿಚ್ಚಿನಲ್ಲೂ ಬದಲಾವಣೆ ಬೇಕು, ಏಕೆಂದರೆ ಸ್ಟ್ಯಾಂಡರ್ಡ್ ಸ್ವಿಚ್‌ಗೆ ಎಲ್‌ಎಸಿಪಿ ಬರುವುದಿಲ್ಲ. ಐಸ್ಕಸಿ ಸಂಗ್ರಹಣೆಗೆ ಪೋರ್ಟ್ ಬೈಂಡಿಂಗ್ ಮಾಡಿದ್ದರೆ ಆ ಕಾರ್ಡ್‌ಗಳನ್ನು ಈ ಸುತ್ತಿನಲ್ಲಿ ಮುಟ್ಟಬೇಡಿ, ಅವುಗಳಿಗೆ ಪ್ರತ್ಯೇಕ ಯೋಜನೆ ಮಾಡಿ.

ಇಷ್ಟಾದ ಮೇಲೆ ಒಂದೊಂದೇ ಹೋಸ್ಟ್ ತೆಗೆದುಕೊಳ್ಳಿ. ಎರಡನೆಯ ಅಪ್‌ಲಿಂಕನ್ನು ಡಿಸ್ಟ್ರಿಬ್ಯೂಟೆಡ್ ಸ್ವಿಚ್ಚಿನಿಂದ ಬಿಡಿಸಿ. ಹೊಸ ಸ್ಟ್ಯಾಂಡರ್ಡ್ ಸ್ವಿಚ್ ಮಾಡಿ ಅದನ್ನು ಅಲ್ಲಿಗೆ ಕೊಡಿ. ಹಳೆಯ ಪ್ರತಿ ಪೋರ್ಟ್ ಗ್ರೂಪಿಗೂ ಅದೇ ವಿಲ್ಯಾನ್ ಸಂಖ್ಯೆಯ ಪೋರ್ಟ್ ಗ್ರೂಪ್ ಸೃಷ್ಟಿಸಿ. ಗೊಂದಲವಾಗದಂತೆ ಹೆಸರಿನ ಮುಂದೆ ‘ತಾತ್ಕಾಲಿಕ’ ಎಂದು ಸೂಚಿಸುವ ಅಕ್ಷರವಿರಲಿ. ಜಂಬೋ ಫ್ರೇಮ್ ಬಳಸುತ್ತಿದ್ದರೆ ಎಂಟಿಯು 9000 ಇಲ್ಲೂ ಇರಬೇಕು. ಭದ್ರತಾ ನೀತಿಗಳನ್ನು ಹೋಲಿಸಿ ನೋಡಿ: ಡಿಸ್ಟ್ರಿಬ್ಯೂಟೆಡ್ ಸ್ವಿಚ್ಚಿನಲ್ಲಿ ಮ್ಯಾಕ್ ವಿಳಾಸ ಬದಲಾವಣೆಯೂ ಹುಸಿ ವಿಳಾಸದ ಪ್ರಸಾರವೂ ಸಹಜವಾಗಿ ನಿರಾಕೃತ, ಸ್ಟ್ಯಾಂಡರ್ಡ್ ಸ್ವಿಚ್ಚಿನಲ್ಲಿ ಸಹಜವಾಗಿ ಅನುಮತಿಸಲ್ಪಟ್ಟವು. ಲೋಡ್ ಬ್ಯಾಲೆನ್ಸರ್ ವಿಎಂಗಳಿಗಾಗಿ ಯಾರೋ ಒಂದು ಪೋರ್ಟ್ ಗ್ರೂಪಿನಲ್ಲಿ ಮಾತ್ರ ಬೇರೆ ನೀತಿ ಇಟ್ಟಿರಬಹುದು, ಅದನ್ನೂ ನಕಲಿಸಿ.

ಈಗ ಒಂದು ಮುಖ್ಯವಲ್ಲದ ವಿಎಂ ಆರಿಸಿ. ನಿಮ್ಮ ಲ್ಯಾಪ್‌ಟಾಪಿನಿಂದ ಅದಕ್ಕೆ ನಿರಂತರ ಪಿಂಗ್ ಹಚ್ಚಿ. ವಿಎಂನ ನೆಟ್‌ವರ್ಕನ್ನು ತಾತ್ಕಾಲಿಕ ಪೋರ್ಟ್ ಗ್ರೂಪಿಗೆ ಬದಲಿಸಿ. ಒಂದು ಉತ್ತರ ತಪ್ಪಬಹುದು ಅಥವಾ ಅದೂ ತಪ್ಪದಿರಬಹುದು. ಮುಂದಿನ ಸಾಲಿನಲ್ಲಿ ಉತ್ತರ ಬರುತ್ತಿರಬೇಕು. ಮೂರ್ನಾಲ್ಕು ಸಾಲು ಖಾಲಿ ಹೋದರೆ ಕೂಡಲೇ ಹಿಂದಕ್ಕೆ ಬದಲಿಸಿ, ಆ ವಿಲ್ಯಾನ್ ಭೌತಿಕ ಪೋರ್ಟಿನಲ್ಲಿದೆಯೇ ನೋಡಿ. ಪ್ರತಿ ವಿಲ್ಯಾನಿಗೂ ಒಂದೊಂದು ವಿಎಂ ಹೀಗೆ ಪರೀಕ್ಷಿಸಿದ ಮೇಲೆ ಉಳಿದವನ್ನು ಗುಂಪಾಗಿ ಬದಲಿಸಿ. ಬಳಿಕ ಮ್ಯಾನೇಜ್‌ಮೆಂಟ್ ಮತ್ತು ವಿಮೋಷನ್‌ನ ವಿಎಂಕರ್ನಲ್ ಅಡಾಪ್ಟರ್‌ಗಳು, ಅಂದರೆ ಹೋಸ್ಟ್ ತನ್ನ ಸ್ವಂತ ಸಂಪರ್ಕಕ್ಕೆ ಬಳಸುವವು. ಮ್ಯಾನೇಜ್‌ಮೆಂಟ್ ಅಡಾಪ್ಟರ್ ಬದಲಿಸುವಾಗ ಸಂಪರ್ಕ ಕಡಿದರೆ ವಿಸೆಂಟರ್ ತಾನಾಗಿ ಹಿಂದಿನ ಸ್ಥಿತಿಗೆ ಮರಳಿಸುತ್ತದೆ. ಆದರೂ ಹೋಸ್ಟಿನ ರಿಮೋಟ್ ಕನ್ಸೋಲನ್ನು, ಐಡ್ರ್ಯಾಕ್ ಆಗಲಿ ಐಎಲ್‌ಒ ಆಗಲಿ, ತೆರೆದಿಟ್ಟುಕೊಂಡೇ ಈ ಕೆಲಸ ಮಾಡಿ. ಕೊನೆಗೆ ಮೊದಲ ಅಪ್‌ಲಿಂಕನ್ನೂ ತಂದು, ಹೋಸ್ಟನ್ನು ಡಿಸ್ಟ್ರಿಬ್ಯೂಟೆಡ್ ಸ್ವಿಚ್ಚಿನಿಂದ ತೆಗೆಯಿರಿ.

ಎಲ್ಲ ಹೋಸ್ಟ್‌ಗಳಲ್ಲೂ ಇದು ಮುಗಿದ ಮೇಲೆ ಎರಡು ದಿನ ಹಾಗೆಯೇ ಬಿಡಿ. ದಿನವೂ ಓಡುವ ವರದಿ, ರಾತ್ರಿಯ ಬ್ಯಾಕಪ್, ಯಾರೂ ದಾಖಲಿಸದ ಯಾವುದೋ ಸಂಪರ್ಕ, ಏನೇ ತಪ್ಪಿದ್ದರೂ ಈ ಎರಡು ದಿನಗಳಲ್ಲಿ ತಲೆಯೆತ್ತುತ್ತದೆ, ಹಳೆಯ ವಿಸೆಂಟರ್ ಕೈಯಲ್ಲಿರುವಾಗಲೇ ಸರಿಪಡಿಸಬಹುದು.

ಹೆಜ್ಜೆ 5: ಹಳೆಯ ಕ್ಲಸ್ಟರನ್ನು ಸುಮ್ಮನಾಗಿಸಿ

ನನ್ನ ಅಭಿಪ್ರಾಯದಲ್ಲಿ ಇದನ್ನು ನಡುರಾತ್ರಿ ಮಾಡಬಾರದು. ವಿಎಂಗಳು ನಿಲ್ಲದ ಕೆಲಸಕ್ಕೆ ಕತ್ತಲಿನ ಅಗತ್ಯವಿಲ್ಲ. ತಿಂಗಳ ಕೊನೆಯ ಸಂಬಳದ ಲೆಕ್ಕಾಚಾರ ಇಲ್ಲದ ವಾರದ ನಡುವೆ, ಬೆಳಿಗ್ಗೆ ಹತ್ತು ಗಂಟೆಗೆ, ನೆಟ್‌ವರ್ಕ್ ಮತ್ತು ಸ್ಟೋರೇಜ್ ತಂಡದವರು ಪಕ್ಕದ ಮೇಜಿನಲ್ಲಿರುವಾಗ ಮಾಡಿ. ನಿದ್ದೆಗೆಟ್ಟ ಕಣ್ಣಿನಲ್ಲಿ ಮೆನುವಿನ ಒಂದು ಸಾಲು ಇನ್ನೊಂದಾಗಿ ಕಾಣುತ್ತದೆ.

ಹಳೆಯ ವಿಸೆಂಟರ್‌ನ 5480 ಪೋರ್ಟಿನ ಆಡಳಿತ ಪುಟದಿಂದ ಅದರ ಬ್ಯಾಕಪ್ ತೆಗೆಯಿರಿ. ವಿಎಂಗಳ ಬ್ಯಾಕಪ್ ಕೆಲಸಗಳನ್ನು ನಿಲ್ಲಿಸಿ, ಅರ್ಧದಲ್ಲಿರುವವು ಮುಗಿಯಲು ಬಿಡಿ. ಡಿಆರ್‌ಎಸ್ ಅನ್ನು ಮ್ಯಾನುಯಲ್‌ಗೆ ಇಳಿಸಿ. ಪೂರ್ತಿ ಆಫ್ ಮಾಡಿದರೆ ರಿಸೋರ್ಸ್ ಪೂಲ್‌ಗಳು ಅಳಿಸಿಹೋಗುತ್ತವೆ, ಹಿಂದೆ ಸರಿಯಬೇಕಾದಾಗ ಅವು ಇರುವುದಿಲ್ಲ. ಸ್ಟೋರೇಜ್ ಡಿಆರ್‌ಎಸ್ ಕೂಡ ಮ್ಯಾನುಯಲ್ ಆಗಲಿ. ಸ್ಥಳಾಂತರ ಮುಗಿಯುವವರೆಗೆ ಒಂದೇ ಡೇಟಾಸ್ಟೋರನ್ನು ಎರಡು ವಿಸೆಂಟರ್‌ಗಳು ನೋಡುತ್ತಿರುತ್ತವೆ.

ಎಚ್‌ಎ ಆಫ್ ಮಾಡಿ. ಇದು ಮನಸ್ಸಿಗೆ ಕಷ್ಟವಾಗುವ ಕ್ಲಿಕ್, ಏಕೆಂದರೆ ಇಲ್ಲಿಂದ ಹೊಸ ಕ್ಲಸ್ಟರಿನಲ್ಲಿ ಅದನ್ನು ಮತ್ತೆ ಆನ್ ಮಾಡುವವರೆಗೆ ಯಾವುದಾದರೂ ಹೋಸ್ಟ್ ಕೆಟ್ಟರೆ ಅದರ ವಿಎಂಗಳು ತಾವಾಗಿ ಬೇರೆಡೆ ಏಳುವುದಿಲ್ಲ. ಈ ಅವಧಿಯನ್ನು ಒಂದೆರಡು ಗಂಟೆಗೆ ಸೀಮಿತಗೊಳಿಸುವುದೇ ಉಪಾಯ. ಮೇಲಿನವರಿಗೆ ಇದನ್ನು ಮೊದಲೇ ಸ್ಪಷ್ಟವಾಗಿ ತಿಳಿಸಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ.

7.0 ಅಪ್‌ಡೇಟ್ 1ರ ಬಳಿಕದ ಕ್ಲಸ್ಟರ್‌ಗಳಲ್ಲಿ ವಿಸಿಎಲ್‌ಎಸ್ ಎಂಬ ಮೂರರವರೆಗಿನ ಪುಟ್ಟ ಸಹಾಯಕ ವಿಎಂಗಳಿರುತ್ತವೆ. ಅವನ್ನು ಕೈಯಿಂದ ಅಳಿಸಬೇಡಿ. ಕ್ಲಸ್ಟರನ್ನು ರಿಟ್ರೀಟ್ ಮೋಡ್‌ಗೆ ಹಾಕಿದರೆ ವಿಸೆಂಟರ್ ತಾನೇ ಅವನ್ನು ತೆಗೆಯುತ್ತದೆ. ಹಾಗೆ ಮಾಡದಿದ್ದರೆ ಅವು ಹೋಸ್ಟಿನ ಜೊತೆ ಹೊಸ ಮನೆಗೂ ಬಂದು, ಯಾರಿಗೂ ಸೇರದ ವಿಎಂಗಳಾಗಿ ಉಳಿಯುತ್ತವೆ.

ಹೆಜ್ಜೆ 6: ಸಾಗಿಸಿ

ಮೊದಲು ಎಲ್ಲಕ್ಕಿಂತ ಕಡಿಮೆ ಮಹತ್ವದ ವಿಎಂಗಳಿರುವ ಹೋಸ್ಟ್. ಹಳೆಯ ವಿಸೆಂಟರ್ ವಿಎಂ ಇರುವ ಹೋಸ್ಟ್ ಕಟ್ಟಕಡೆಗೆ.

ಹಳೆಯ ವಿಸೆಂಟರ್‌ನಲ್ಲಿ ಹೋಸ್ಟಿನ ಮೇಲೆ ಬಲ ಕ್ಲಿಕ್ ಮಾಡಿ, ಕನೆಕ್ಷನ್ ಅಡಿಯಲ್ಲಿ ‘ಡಿಸ್‌ಕನೆಕ್ಟ್’ ಆರಿಸಿ. ಮೇಂಟೆನೆನ್ಸ್ ಮೋಡ್ ಬೇಡ. ಅದು ಓಡುತ್ತಿರುವ ವಿಎಂಗಳನ್ನು ಹೊರಹಾಕಲು ನೋಡುತ್ತದೆ. ‘ರಿಮೂವ್ ಫ್ರಮ್ ಇನ್ವೆಂಟರಿ’ಯನ್ನು ಈಗಲೇ ಒತ್ತಬೇಡಿ. ಕಡಿದ ಹೋಸ್ಟ್ ಹಳೆಯ ಪಟ್ಟಿಯಲ್ಲಿ ಬೂದು ಬಣ್ಣದಲ್ಲಿ ಉಳಿದಿರುವಷ್ಟು ದಿನ ಅದರ ಫೋಲ್ಡರ್, ಅನುಮತಿ, ಅಂಕಿಗಳೂ ಅಲ್ಲಿ ಉಳಿದಿರುತ್ತವೆ, ‘ಕನೆಕ್ಟ್’ ಒತ್ತಿದರೆ ಹೋಸ್ಟ್ ವಾಪಸ್ ಬರುತ್ತದೆ. ನಿಮ್ಮ ಹಿಂದಿರುಗುವ ದಾರಿ ಅದೇ.

ಹೊಸ ವಿಸೆಂಟರ್‌ನ ಕ್ಲಸ್ಟರಿನಲ್ಲಿ ‘ಆಡ್ ಹೋಸ್ಟ್ಸ್’ ಆರಿಸಿ, ಐಪಿ ಅಲ್ಲದೆ ಪೂರ್ಣ ಹೆಸರು ಕೊಡಿ, ರೂಟ್ ಪಾಸ್‌ವರ್ಡ್ ಹಾಕಿ. ಪ್ರಮಾಣಪತ್ರದ ಬೆರಳಚ್ಚು ತೋರಿಸಿ ಒಪ್ಪಿಗೆ ಕೇಳುತ್ತದೆ. ಈ ಹೋಸ್ಟ್ ಬೇರೊಂದು ವಿಸೆಂಟರ್‌ನ ನಿರ್ವಹಣೆಯಲ್ಲಿದೆ ಎಂಬ ಎಚ್ಚರಿಕೆಯೂ ಬರಬಹುದು. ಆ ವಿಸೆಂಟರ್‌ನ ಐಪಿ ನಿಮ್ಮ ಹಳೆಯದ್ದೇ ಎಂದು ಓದಿ ನೋಡಿ ಮುಂದುವರಿಯಿರಿ. ರಿಸೋರ್ಸ್ ಪೂಲ್ ಬಗ್ಗೆ ಕೇಳಿದರೆ ಎಲ್ಲ ವಿಎಂಗಳನ್ನೂ ಕ್ಲಸ್ಟರಿನ ಮೂಲ ಪೂಲ್‌ನಲ್ಲಿ ಇರಿಸುವಂತೆ ಹೇಳಿ. ಈ ಇಡೀ ಹೊತ್ತು ಆ ಹೋಸ್ಟಿನ ಎರಡು ಮೂರು ವಿಎಂಗಳಿಗೆ ಪಿಂಗ್ ಓಡುತ್ತಿರಲಿ. ಒಂದು ಸಾಲೂ ತಪ್ಪುವುದಿಲ್ಲ. ಮೊದಲ ಸಲ ಇದನ್ನು ನೋಡಿದಾಗ, ಇಡೀ ಹೋಸ್ಟ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿದ್ದರೂ ಪಿಂಗ್ ಸಾಲುಗಳು ಅದೇ ಒಂದು ಮಿಲಿಸೆಕೆಂಡಿನಲ್ಲಿ ಇಳಿಯುತ್ತಿದ್ದುದನ್ನು ಕಂಡು ನಮ್ಮ ತಂಡದ ಎಲ್ಲರೂ ಪರದೆಯ ಸುತ್ತ ಸೇರಿದ್ದೆವು.

ಮೊದಲ ಹೋಸ್ಟ್ ಸೇರಿದ ಮೇಲೆ ಹದಿನೈದು ನಿಮಿಷ ಕಾಯಿರಿ. 60 ಸೆಕೆಂಡಿನ ಗಡಿ ದಾಟಿತೇ, ವಿಎಂಗಳ ಸಂಖ್ಯೆ ಎಕ್ಸೆಲ್ ಕಡತದ ಸಂಖ್ಯೆಗೆ ಹೊಂದುತ್ತದೆಯೇ, ಡೇಟಾಸ್ಟೋರ್‌ಗಳೆಲ್ಲ ಕಾಣುತ್ತಿವೆಯೇ ಎಂದು ನೋಡಿ. ಎರಡನೆಯ ಹೋಸ್ಟ್ ಬಂದ ಮೇಲೆ ಎನ್‌ಎಫ್‌ಎಸ್ ಡೇಟಾಸ್ಟೋರ್‌ಗಳನ್ನು ಗಮನಿಸಿ: ಒಂದು ಹೋಸ್ಟ್ ಸರ್ವರಿನ ಹೆಸರಿನಿಂದ, ಇನ್ನೊಂದು ಐಪಿಯಿಂದ ಅದನ್ನು ಮೌಂಟ್ ಮಾಡಿದ್ದರೆ ವಿಸೆಂಟರ್ ಅವನ್ನು ಎರಡು ಬೇರೆ ಡೇಟಾಸ್ಟೋರ್ ಎಂದುಕೊಳ್ಳುತ್ತದೆ. ಈ ಎರಡು ಹೋಸ್ಟ್‌ಗಳ ನಡುವೆ ಒಂದು ಪರೀಕ್ಷಾ ವಿಎಂ ಅನ್ನು ಅತ್ತಿಂದಿತ್ತ ವಿಮೋಷನ್ ಮಾಡಿ. ಅದು ನಡೆದರೆ ಕೂಡಲೇ ಹೊಸ ಕ್ಲಸ್ಟರಿನಲ್ಲಿ ಎಚ್‌ಎ ಆನ್ ಮಾಡಿಬಿಡಿ. ಸೇರುವ ಪ್ರತಿ ಹೋಸ್ಟೂ ಬಂದ ಕ್ಷಣದಿಂದಲೇ ರಕ್ಷಣೆಯೊಳಗೆ ಬರುತ್ತದೆ. ಉಳಿದವನ್ನು ಒಂದರ ಹಿಂದೆ ಒಂದು ತನ್ನಿ.

ಹೆಜ್ಜೆ 7: ಮನೆ ಜೋಡಿಸಿ

ಡಿಆರ್‌ಎಸ್ ಸ್ವಯಂಚಾಲಿತ ಮಾಡುವ ಮೊದಲು ಬೇರ್ಪಡಿಕೆ ನಿಯಮಗಳನ್ನು ಬರೆಯಿರಿ. ಆಮೇಲೆ ರಿಸೋರ್ಸ್ ಪೂಲ್, ಫೋಲ್ಡರ್, ಅನುಮತಿ, ಟ್ಯಾಗ್. ಹಳೆಯ ವಿಸೆಂಟರ್‌ನಿಂದ ರಫ್ತು ಮಾಡಿದ ಡಿಸ್ಟ್ರಿಬ್ಯೂಟೆಡ್ ಸ್ವಿಚ್ಚಿನ ಕಡತವನ್ನು ಆಮದು ಮಾಡಿ, ನಾಲ್ಕನೆಯ ಹೆಜ್ಜೆಯನ್ನು ತಿರುವುಮುರುವಾಗಿ ಮಾಡುತ್ತಾ ವಿಎಂಗಳನ್ನು ಅದಕ್ಕೆ ಮರಳಿಸಿ. ಹೊಸ ವಿಸೆಂಟರ್ ವಿಎಂ ಅನ್ನೂ ಅದರಲ್ಲೇ ಇಡಬೇಕೆಂದಿದ್ದರೆ ಅದಕ್ಕಾಗಿ ಎಫೆಮರಲ್ ಬೈಂಡಿಂಗ್ (ವಿಸೆಂಟರ್ ಇಲ್ಲದೆಯೂ ಹೋಸ್ಟೇ ಪೋರ್ಟ್ ಕೊಡುವ ವಿಧಾನ) ಇರುವ ಪೋರ್ಟ್ ಗ್ರೂಪ್ ಮಾಡಿ. ವಿಸೆಂಟರ್ ಬಿದ್ದ ದಿನ ಅದನ್ನು ಎಬ್ಬಿಸಲು ಅದರದ್ದೇ ಅಪ್ಪಣೆ ಬೇಕಾಗದಿರಲಿ.

ಬ್ಯಾಕಪ್ ತಂತ್ರಾಂಶಕ್ಕೆ ಹೊಸ ವಿಸೆಂಟರ್ ಪರಿಚಯಿಸಿ, ಕೆಲಸಗಳನ್ನು ಮತ್ತೆ ಜೋಡಿಸಿ, ಅದೇ ರಾತ್ರಿ ಒಂದಾದರೂ ಬ್ಯಾಕಪ್ ಪೂರ್ತಿಯಾಗಿ ಮುಗಿಯುವಂತೆ ನೋಡಿಕೊಳ್ಳಿ. ಮರುದಿನ ಅದರಿಂದ ಒಂದು ಕಡತ ಹೊರತೆಗೆದು ತೆರೆದು ನೋಡಿ. ಮಾನಿಟರಿಂಗ್, ಸ್ಟೋರೇಜ್ ಪ್ಲಗಿನ್, ವರ್ಚುವಲ್ ಡೆಸ್ಕ್‌ಟಾಪ್, ಯಾರೋ ಬರೆದ ಸ್ಕ್ರಿಪ್ಟ್‌ಗಳು, ಇವೆಲ್ಲ ಹಳೆಯ ಹೆಸರನ್ನೇ ಹಿಡಿದು ಕೂತಿರುತ್ತವೆ. ಅವನ್ನು ಹುಡುಕುವ ಸುಲಭ ವಿಧಾನವಿದೆ: ಹಳೆಯ ವಿಸೆಂಟರ್ ಇನ್ನೂ ಆನ್ ಇರುವಾಗಲೇ ಅದರ ಸೆಷನ್‌ಗಳ ಪಟ್ಟಿ ತೆರೆಯಿರಿ. ಹೋಸ್ಟ್‌ಗಳೆಲ್ಲ ಹೋದ ಮೇಲೂ ಯಾವ ಖಾತೆಗಳು ಅಲ್ಲಿ ಬಂದು ಬಾಗಿಲು ತಟ್ಟುತ್ತಿವೆಯೋ ಅವುಗಳ ಐಪಿ ಅಲ್ಲೇ ಸಿಗುತ್ತದೆ.

ಒಂದು ವಾರ ಆ ಪಟ್ಟಿ ಖಾಲಿಯಿದ್ದರೆ ಹಳೆಯ ಪಟ್ಟಿಯಲ್ಲಿ ಬೂದು ಬಣ್ಣದಲ್ಲಿ ಉಳಿದ ಹೋಸ್ಟ್‌ಗಳನ್ನು ತೆಗೆದುಹಾಕಿ, ಹಳೆಯ ವಿಸೆಂಟರ್ ವಿಎಂ ಅನ್ನು ಶಟ್‌ಡೌನ್ ಮಾಡಿ. ಅಳಿಸಬೇಡಿ. ಅದರ ನೆಟ್‌ವರ್ಕ್ ಕಾರ್ಡಿನಲ್ಲಿ ‘ಆನ್ ಆದಾಗ ಜೋಡಿಸು’ ಎಂಬ ಗುರುತನ್ನು ತೆಗೆಯಿರಿ, ವಿಎಂನ ಹೆಸರಿಗೆ ಆಫ್ ಮಾಡಿದ ದಿನಾಂಕ ಸೇರಿಸಿ, ಟಿಪ್ಪಣಿಯ ಜಾಗದಲ್ಲಿ ಯಾವ ದಿನದ ನಂತರ ಅಳಿಸಬಹುದು, ಯಾರನ್ನು ಕೇಳಿ ಅಳಿಸಬೇಕು ಎಂದು ಬರೆಯಿರಿ. ನಾನು 60 ದಿನ ಇಡುತ್ತೇನೆ. ಆ ನಡುವೆ ಹೊಸ ವಿಸೆಂಟರ್‌ನಿಂದ ಒಂದೊಂದೇ ಹೋಸ್ಟನ್ನು ಮೇಂಟೆನೆನ್ಸ್ ಮೋಡ್‌ಗೆ ಹಾಕಿ ಇಎಸ್‌ಎಕ್ಸ್‌ಐ 8ಕ್ಕೆ ಏರಿಸುವ ಕೆಲಸ ಶುರುಮಾಡಬಹುದು. ಪ್ರೊಸೆಸರ್ ಮತ್ತು ಬೂಟ್ ಡಿಸ್ಕ್ ಅದಕ್ಕೆ ಒಪ್ಪುತ್ತವೆಯೇ ಎಂಬುದನ್ನು ಹೊಂದಾಣಿಕೆ ಪಟ್ಟಿಯಲ್ಲಿ ನೋಡಿಕೊಂಡು.